ಡಿಸ್ಕ್ ಎರಡಾದರೆ ಓದು ಇಮ್ಮಡಿಯೇ?

ಗಣಕದಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳನ್ನಿಟ್ಟು, ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಮೂಡುವಂತೆ ಮಾಡುವ ಏರ್ಪಾಡಿಗೆ ಮಿರರ್ ಅಥವಾ ರೇಡ್-1 ಎಂದು ಹೆಸರು. ಲಿನಕ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ಕಾರ್ಡ್ ಬೇಕಿಲ್ಲ, ತಂತ್ರಾಂಶವೇ ಸಾಕು. ಒಂದು ಡಿಸ್ಕ್ ಕೆಟ್ಟರೂ ದಾಖಲೆ ಉಳಿಯುತ್ತದೆ. ಹಳೆಯ ಟೇಪುಗಳನ್ನು ಡಿಸ್ಕಿಗಿಳಿಸುವ ನಮ್ಮಂಥವರಿಗೆ ಇದು ದೊಡ್ಡ ನೆಮ್ಮದಿ. ಬೆನ್ನಿಗೇ ಒಂದು ಆಸೆಯೂ ಹುಟ್ಟುತ್ತದೆ. ಪ್ರತಿ ಎರಡಿವೆಯಲ್ಲ, ಓದುವ ವೇಗವೂ ಎರಡರಷ್ಟಾಗಬೇಡವೇ?

ಆಗುವುದಿಲ್ಲ. ಒಂದೇ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗ ಲಿನಕ್ಸ್ ಸಾಮಾನ್ಯವಾಗಿ ಒಂದೇ ಡಿಸ್ಕನ್ನು ಹಿಡಿದು ಸಾಗುತ್ತದೆ. ಇನ್ನೊಂದು ಸುಮ್ಮನೆ ತಿರುಗುತ್ತಿರುತ್ತದೆ. ಏಕೆ? ವೇಗವಾಗಿ ಮುಂದೋಡಿಸುವ ಗುಂಡಿಯೇ ಇಲ್ಲದ ಎರಡು ಟೇಪ್ ರೆಕಾರ್ಡರುಗಳಲ್ಲಿ ಒಂದೇ ಹಾಡಿನ ಕ್ಯಾಸೆಟ್ ಹಾಕಿದ್ದೀರಿ ಎನ್ನಿ. ಮೊದಲ ನಿಮಿಷ ಇದರಿಂದ, ಎರಡನೆಯದು ಅದರಿಂದ ಎಂದು ಹಂಚಿದರೂ ಎರಡನೆಯ ಯಂತ್ರ ಮೊದಲ ನಿಮಿಷವನ್ನು ದಾಟಿಯೇ ಬರಬೇಕು. ಡಿಸ್ಕಿನ ಕಥೆಯೂ ಹೆಚ್ಚುಕಡಿಮೆ ಇದೇ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಬೇಡದ ಭಾಗ ಹೆಡ್ಡಿನ ಕೆಳಗೆ ಹಾದುಹೋಗುವವರೆಗೆ ಕಾಯುವುದೂ, ಅದನ್ನು ಓದಿಬಿಡುವುದೂ ಒಂದೇ ಹೊತ್ತಿನ ಕೆಲಸ.

ನೀವೇ ಅಳೆದು ನೋಡಬಹುದು, ಆದರೆ ಮೋಸಹೋಗುವುದು ಸುಲಭ. ಒಮ್ಮೆ ಓದಿದ ಕಡತ ಗಣಕದ ಮೆಮೊರಿಯಲ್ಲಿ ಉಳಿದಿರುತ್ತದೆ. ಎರಡನೆಯ ಸಲ ಬರುವ ಭಾರಿ ಅಂಕಿ ಡಿಸ್ಕಿನದಲ್ಲ, ಮೆಮೊರಿಯದು. ಆದ್ದರಿಂದ ಮೆಮೊರಿಯ ಎರಡರಷ್ಟು ದೊಡ್ಡ ಕಡತ ಬಳಸಿ, ಪ್ರತಿ ಸಲವೂ ಕ್ಯಾಶ್ ಖಾಲಿ ಮಾಡಿಕೊಳ್ಳಿ. ಮೊದಲು ಡಿಸ್ಕ್ ಒಂದನ್ನೇ ಓದಿಸಿ, ಆಮೇಲೆ ಮಿರರ್ ಅನ್ನು, ಕೊನೆಗೆ ಮಿರರಿನಿಂದಲೇ ಎರಡು ಬೇರೆ ಕಡತಗಳನ್ನು ಒಟ್ಟಿಗೆ. ಮೊದಲೆರಡು ಅಂಕಿಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಮೂರನೆಯದರಲ್ಲಿ ಕೆಲಸ ಹಂಚಿಹೋಗಿ ಒಟ್ಟು ವೇಗ ಏರುತ್ತದೆ. (‘ಡಿಡಿ’ ಆದೇಶ ಬಳಸುವವರು ಎಚ್ಚರವಿರಲಿ: ಐಎಫ್, ಓಎಫ್ ಅದಲುಬದಲಾದರೆ ಇರುವ ದಾಖಲೆಯೇ ಅಳಿಸಿಹೋಗುತ್ತದೆ!)

ಇದರಿಂದ ನಮಗೇನಾಗಬೇಕು ಎನ್ನುವಿರಾ? ಕುಗ್ಗಿಸದ 10 ಬಿಟ್ ಹೈ ಡೆಫಿನಿಷನ್ ಚಿತ್ರಕ್ಕೆ, ಸೆಕೆಂಡಿಗೆ 25 ಫ್ರೇಮಿನಂತೆ, ಸುಮಾರು 130 ಮೆಗಾಬೈಟ್ ಬೇಕು. ಹೊರ ಅಂಚಿನಲ್ಲಿ 200 ಕೊಡುವ ಡಿಸ್ಕ್, ಒಳಗೆ ಹೋದಂತೆ ಅದರ ಅರ್ಧಕ್ಕೆ ಇಳಿಯಬಹುದು. ಖಾಲಿ ಡಿಸ್ಕಿನಲ್ಲಿ ಪರೀಕ್ಷಿಸಿ, ಮಿರರ್ ಇದೆಯಲ್ಲ ಎಂದು ಧೈರ್ಯದಿಂದಿದ್ದರೆ, ಡಿಸ್ಕ್ ತುಂಬುತ್ತ ಬಂದಾಗ ಚಿತ್ರ ತಡವರಿಸತೊಡಗುತ್ತದೆ. ಅದೇ ಎರಡು ಡಿಸ್ಕ್‌ಗಳನ್ನು ಲಿನಕ್ಸ್‌ನ ರೇಡ್-10ರಲ್ಲಿ ‘ಫಾರ್’ ಎಂಬ ವಿನ್ಯಾಸದಲ್ಲಿ ಜೋಡಿಸಿದರೆ ಪ್ರತಿಯೂ ಎರಡು ಉಳಿಯುತ್ತವೆ, ಒಂದೇ ಕಡತದ ಓದೂ ಎರಡು ಡಿಸ್ಕುಗಳಿಗೆ ಹಂಚಿಹೋಗುತ್ತದೆ. ಬರೆಯುವಾಗ ಮಾತ್ರ ಹೆಡ್ಡುಗಳು ದೂರ ಓಡಾಡಬೇಕಾದ್ದರಿಂದ ಸ್ವಲ್ಪ ನಿಧಾನ.