ದೋಣಿಯ ಇಂಜಿನ್ ಯಾಕೆ ಚಾಲೂ ಆಗುದಿಲ್ಲ?

ನಾಡದೋಣಿಯ ಹಿಂದೆ ಕಟ್ಟುವ ಇಂಜಿನಿಗೆ ಔಟ್‌ಬೋರ್ಡ್ ಇಂಜಿನ್ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಸೀಮೆಎಣ್ಣೆ ಇಂಜಿನ್ ಹೆಚ್ಚು. ಅದು ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತದೆ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಉಂಟು. ಸಣ್ಣ ಇಂಜಿನಿನ ನಾಡದೋಣಿಗೆ ಅದು ಇಲ್ಲ. ಆದರೂ ಕಡಲು ಜೋರಿದ್ದರೆ ಅವೂ ದಡದಲ್ಲೇ ಇರುತ್ತವೆ. ಹೀಗೆ ಬಹಳ ದಿನ ಕೂತ ಇಂಜಿನ್, ಎಷ್ಟು ಹಗ್ಗ ಎಳೆದರೂ ಏಳುದಿಲ್ಲ.

ಇಂಜಿನಿಗೆ ಪೆಟ್ರೋಲ್, ಗಾಳಿ, ಕಿಡಿ ಮೂರೂ ಬೇಕು. ಯಾವುದು ತಪ್ಪಿದೆ ಎಂದು ಹುಡುಕಬೇಕು.

ಮೊದಲು ಸುಲಭದ್ದು ನೋಡಿ:
1. ಗೇರು ನ್ಯೂಟ್ರಲ್‌ನಲ್ಲಿ ಉಂಟಾ?
2. ಸ್ಟಾಪ್ ಸ್ವಿಚ್ಚಿಗೆ ದಾರ ಇದ್ದರೆ ಸಿಕ್ಕಿಸಿದ್ದಾರಾ?
3. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಸಡಿಲ ಮಾಡಿದ್ದಾರಾ?
4. ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವ ತನಕ ಒತ್ತಿದ್ದಾರಾ?

ಆಮೇಲೆ ಪ್ಲಗ್ಗು ಬಿಚ್ಚಬೇಕು. ಪ್ಲಗ್ಗು ಒದ್ದೆ ಇದ್ದರೆ ಪೆಟ್ರೋಲ್ ಬರ್ತಾ ಉಂಟು, ಕಿಡಿ ಸರಿಯಿಲ್ಲ ಎಂದು ಅರ್ಥ. ಮಸಿ ತಿಕ್ಕಿ, ಒಣಗಿಸಿ ಹಾಕಬೇಕು, ಇಲ್ಲದಿದ್ದರೆ ಹೊಸ ಪ್ಲಗ್ಗು. ಪ್ಲಗ್ಗು ಒಣಗಿದ್ದರೆ ಪೆಟ್ರೋಲ್ ಬರ್ತಾ ಇಲ್ಲ. ಹಳೆ ಪೆಟ್ರೋಲ್ ಆರಿ ಅಂಟಿನ ಹಾಗಾಗಿ ಕಾರ್ಬೊರೇಟರಿನ ಜೆಟ್ಟಿನ ಸಣ್ಣ ತೂತು ಕಟ್ಟಿರುತ್ತದೆ. ಅದನ್ನು ಬಿಚ್ಚಿ ತೊಳೆಯಬೇಕು. ಟ್ಯಾಂಕಿಗೆ ನೀರು ಸೇರಿದ್ದರೂ ಕಷ್ಟ. ನೀರು ಪೆಟ್ರೋಲಿಗಿಂತ ಭಾರ, ಅಡಿಯಲ್ಲಿ ನಿಲ್ತದೆ. ಪೈಪು ಅಡಿಯಿಂದಲೇ ಎಳೆಯುತ್ತದಲ್ಲ! ಆದ್ದರಿಂದ ಹಳೆಯದನ್ನು ತೆಗೆದು ಹೊಸ ಪೆಟ್ರೋಲ್ ಹಾಕಬೇಕು.

ಇನ್ನೊಂದು ಕಾರಣ, ಸೀಮೆಎಣ್ಣೆಯಲ್ಲಿ ಓಡುವಾಗಲೇ ನಿಲ್ಲಿಸಿ ಇಟ್ಟದ್ದು. ಕಾರ್ಬೊರೇಟರಿನಲ್ಲಿ ಉಳಿದ ಸೀಮೆಎಣ್ಣೆಗೆ ತಣ್ಣಗಿನ ಇಂಜಿನಿನಲ್ಲಿ ಬೇಗ ಬೆಂಕಿ ಹಿಡಿಯುದಿಲ್ಲ. ಅದಕ್ಕೆ ಇಡುವ ಮೊದಲು ಪುನಃ ಪೆಟ್ರೋಲಿಗೆ ತಿರುಗಿಸಿ, ಡ್ರಮ್ಮಿನ ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆದು, ಪೈಪು ತೆಗೆದು ಅದಾಗಿಯೇ ನಿಲ್ಲುವ ತನಕ ಬಿಡಬೇಕು.

ಎಚ್ಚರಿಕೆ! ಈ ಕೆಲಸ ದೊಡ್ಡವರದ್ದು. ಹತ್ತಿರ ಬೀಡಿ, ಬೆಂಕಿಪೆಟ್ಟಿಗೆ ಬೇಡ. ನೀರಿಲ್ಲದೆ ಇಂಜಿನ್ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಸುಟ್ಟುಹೋಗ್ತದೆ.

ಒಮ್ಮೆ ಚಾಲೂ ಆಯ್ತೆಂದು ಕೂಡಲೇ ಹೊರಡಬಾರದು. ಅಳಿವೆ ಬಾಗಿಲಲ್ಲಿ ಇಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗಿ ಮಗುಚುತ್ತದೆ. ಹೊಳೆಯಲ್ಲೇ ಕಾಲು ಗಂಟೆ ಓಡಿಸಿ ನೋಡಬೇಕು. ನಿಮ್ಮ ಮನೆಯಲ್ಲೂ ಹೇಳಿ.