ಬೇರೂರದ ಭ್ರೂಣ, ಬೆಳೆಯುವ ಬಿಲ್ಲು

1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಎಂಬ ಮೊದಲ ಪ್ರನಾಳ ಶಿಶು ಜನಿಸಿದಾಗ ಜಗತ್ತೇ ಬೆರಗಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ ಅವರೂ ಇದನ್ನು ಸಾಧಿಸಿದರು. ಮನ್ನಣೆ ಮಾತ್ರ ದೊರೆತದ್ದು ಅವರ ಮರಣಾನಂತರ. ಅಂದಿನಿಂದ ಪ್ರಯೋಗಾಲಯದಲ್ಲಿ ಭ್ರೂಣವನ್ನು ರೂಪಿಸುವ ವಿದ್ಯೆ ಬಹುದೂರ ಸಾಗಿ ಬಂದಿದೆ. ಆದರೆ ಗರ್ಭಕೋಶಕ್ಕೆ ಸೇರಿಸಿದ ಭ್ರೂಣವು ಅದರ ಒಳಪದರಕ್ಕೆ ಅಂಟಿಕೊಂಡು ಬೇರೂರುವ ಗಳಿಗೆ ಇಂದಿಗೂ ವೈದ್ಯರ ಹಿಡಿತಕ್ಕೆ ಪೂರ್ತಿಯಾಗಿ ಸಿಕ್ಕಿಲ್ಲ.

ಸುಮಾರು ಎರಡು ವಾರ ಉಸಿರು ಬಿಗಿಹಿಡಿದು ಕಾದು, ಕೊನೆಗೆ 'ಇಲ್ಲ' ಎಂಬ ಉತ್ತರ ಪಡೆದ ದಂಪತಿಯ ಸಂಕಟ ಅನುಭವಿಸಿದವರಿಗೇ ಗೊತ್ತು. 'ಮುಂದಿನ ಸಲ ಇನ್ನೇನಾದರೂ ಮಾಡಬಹುದೇ?' ಎಂದು ಅವರು ಕೇಳುವುದು ಸಹಜ. ಹೆಚ್ಚುವರಿ ಚಿಕಿತ್ಸೆಗಳ ಪಟ್ಟಿ ತೆರೆದುಕೊಳ್ಳುವುದು ಅಲ್ಲಿಯೇ.

ಅವುಗಳಲ್ಲೊಂದರ ಕಥೆ ಕೇಳಿ. ಗರ್ಭಕೋಶದ ಒಳಪದರವನ್ನು ಮೊದಲೇ ತುಸು ಗೀರಿದರೆ ಭ್ರೂಣ ಸುಲಭವಾಗಿ ಅಂಟುತ್ತದೆ ಎಂದು 2003ರಲ್ಲಿ ಇಸ್ರೇಲಿನ ಸಣ್ಣ ಅಧ್ಯಯನವೊಂದು ಆಸೆ ಹುಟ್ಟಿಸಿತು. ಈ ಕ್ರಮ ಹಲವು ದೇಶಗಳ ಆಸ್ಪತ್ರೆಗಳಿಗೆ ಹಬ್ಬಿತು. 2019ರಲ್ಲಿ ಐದು ದೇಶಗಳ 1,364 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ವರದಿ ಪ್ರಕಟವಾಯಿತು. ಗೀರಿಸಿಕೊಂಡವರಲ್ಲಿ ಜೀವಂತ ಮಗು ಪಡೆದವರು ಶೇ 26.1, ಗೀರಿಸಿಕೊಳ್ಳದವರಲ್ಲಿಯೂ ಶೇ 26.1! ನೋವು, ವೆಚ್ಚ ಎರಡೂ ವ್ಯರ್ಥವಾಗಿದ್ದವು.

ಹಾಗಾದರೆ ನೆರವಾಗುವುದು ಯಾವುದು? ಭ್ರೂಣ ನಿಲ್ಲದಿರಲು ಮುಖ್ಯ ಕಾರಣ ಅದರ ವರ್ಣತಂತುಗಳಲ್ಲಿನ ದೋಷ. ತಾಯಿಯ ವಯಸ್ಸಿನೊಡನೆ ಇದು ಹೆಚ್ಚುತ್ತದೆ. ಆದ್ದರಿಂದ ಚಿಕಿತ್ಸೆಯನ್ನು ಮುಂದೂಡದಿರುವುದು ಮುಖ್ಯ. ಅಂಡನಾಳದಲ್ಲಿ ದ್ರವ ತುಂಬಿಕೊಂಡಿದ್ದರೆ ಮೊದಲು ಅದನ್ನು ಸರಿಪಡಿಸುವುದು, ಅಲ್ಟ್ರಾಸೌಂಡ್ ನೋಡುತ್ತಲೇ ಭ್ರೂಣವನ್ನು ಇರಿಸುವುದು, ಧೂಮಪಾನ ತೊರೆಯುವುದು ಇವೆಲ್ಲ ಫಲ ನೀಡುತ್ತವೆ. ಆ ಬಳಿಕ ಹಾಸಿಗೆ ಬಿಟ್ಟೇಳಬಾರದೆಂಬ ಹಿರಿಯರ ಕಟ್ಟಪ್ಪಣೆಯಿಂದ ಲಾಭವಿಲ್ಲ. ಒಮ್ಮೆಗೇ ಎರಡು ಮೂರು ಭ್ರೂಣಗಳನ್ನು ಇರಿಸಿದರೆ ಅವಳಿ, ತ್ರಿವಳಿ ಗರ್ಭದ ಜೊತೆಗೆ ಅವಧಿಪೂರ್ವ ಹೆರಿಗೆಯ ಅಪಾಯವೂ ಬರುತ್ತದೆ.

ನಮ್ಮ ದೇಶದ 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ಯಶಸ್ಸಿನ ಸಾಧ್ಯತೆ, ಅಪಾಯ ಹಾಗೂ ವೆಚ್ಚಗಳನ್ನು ದಂಪತಿಗೆ ತಿಳಿಸುವುದು ಚಿಕಿತ್ಸಾಲಯಗಳ ಕರ್ತವ್ಯ. ಬ್ರಿಟನ್ನಿನ ನಿಯಂತ್ರಣ ಪ್ರಾಧಿಕಾರ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಹೆಚ್ಚುವರಿ ಚಿಕಿತ್ಸೆಗೂ ಸಾಕ್ಷ್ಯದ ಬಲವನ್ನು ಅಳೆದು ಬಣ್ಣದ ಗುರುತು ನೀಡಿ ಪ್ರಕಟಿಸುತ್ತದೆ. ಅಂತಹ ಪಟ್ಟಿ ಕನ್ನಡದಲ್ಲಿ, ಪ್ರತಿ ಚಿಕಿತ್ಸಾಲಯದ ಗೋಡೆಯ ಮೇಲೆ ಏಕಿರಬಾರದು?

ಅದು ಬರುವವರೆಗೆ ದಂಪತಿ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಲಿ: 'ಇದರಿಂದ ಮನೆಗೆ ಮಗು ಬಂದವರ ಸಂಖ್ಯೆ ಹೆಚ್ಚಿದೆಯೇ?' ಪ್ರಾಮಾಣಿಕ ವೈದ್ಯರು ಈ ಪ್ರಶ್ನೆಗೆ ಮುನಿಯುವುದಿಲ್ಲ. ಮಗುವಿನ ಹಂಬಲದಲ್ಲಿರುವವರಿಗೆ ಭರವಸೆ ಬೇಕು, ನಿಜ. ಆದರೆ ಭರವಸೆಯನ್ನೇ ಸರಕಾಗಿಸಿ ಮಾರುವುದು ವೈದ್ಯಧರ್ಮವಲ್ಲ.