ಕೊನೆಯ ದೋಸೆ ಯಾರ ತಟ್ಟೆಗೆ?

ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಅನ್ನ ಮಾಡುವುದಿಲ್ಲ. ಅವತ್ತು ನೀರುದೋಸೆ. ಮದುವೆಯಾದ ಹೊಸತರಲ್ಲಿ ಮೈಸೂರಿನವಳಾದ ನನ್ನ ಹೆಂಡತಿ, ‘ರಾತ್ರಿ ಊಟಕ್ಕೆ ದೋಸೆನಾ? ಅದು ತಿಂಡಿ ಅಲ್ವಾ?’ ಅಂತ ಕಣ್ಣರಳಿಸಿದ್ದಳು. ಈಗ ಶನಿವಾರ ಬಂದರೆ ಅಕ್ಕಿ ಡಬ್ಬ ಮೊದಲು ತೆಗೆಯುವವಳು ಅವಳೇ. ಐದು ವರ್ಷದ ಮಗಳಂತೂ ಕಾರ್ಟೂನ್ ನೋಡಿ ನೋಡಿ ನೀರುದೋಸೆಗೆ ‘ಬಿಳಿ ಪ್ಯಾನ್‌ಕೇಕ್’ ಅಂತಲೇ ಹೆಸರಿಟ್ಟಿದ್ದಾಳೆ.

ನಾವು ಪುತ್ತೂರು ಕಡೆಯವರು. ಕೆಲಸಕ್ಕಾಗಿ ಬೆಂಗಳೂರಿಗೆ ಬಂದವನು ನಾನು. ಅಪ್ಪ-ಅಮ್ಮ ಈಗ ನಮ್ಮ ಜೊತೆಗೇ ಇದ್ದಾರೆ. ವಾರವಿಡೀ ನಮ್ಮ ಮನೆಯ ರಾತ್ರಿ ಊಟ ಪಾಳಿಯ ಮೇಲೆ ನಡೆಯುತ್ತದೆ. ಅಪ್ಪ 8 ಗಂಟೆಗೆ, ಹೆಂಡತಿ-ಮಗಳು 8.30ಕ್ಕೆ, ಅಮೆರಿಕದ ಟೀಮಿನ ಜೊತೆ ಕಾಲ್ ಮುಗಿಸಿ ನಾನು 10ಕ್ಕೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಶನಿವಾರ ಮಾತ್ರ. ಹಾಗಂತ ನಾನು ಅಂದುಕೊಂಡಿದ್ದೆ. ಆ ‘ಎಲ್ಲರೂ’ ಅನ್ನುವುದರಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ ಅಂತ ಗೊತ್ತಾಗಲು ನನಗೆ ಮೂವತ್ತು ವರ್ಷ ಬೇಕಾಯಿತು.

ಕಳೆದ ವರ್ಷ ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಬಟ್ಟೆ ತೆಗೆಯಲು ಹೋದ ಅಮ್ಮ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ಮೊದಲ ಶನಿವಾರವೇ ಮಗಳ ಹಟ ಶುರು: ‘ಬಿಳಿ ಪ್ಯಾನ್‌ಕೇಕ್ ಬೇಕು.’ ಸರಿ, ನಾನೇ ಎರೆಯುತ್ತೇನೆ ಅಂದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿಕೊಟ್ಟರು. ಮೊದಲನೆಯದು ಕಾವಲಿಗೆ ಅಂಟಿತು, ಎರಡನೆಯದು ಹರಿಯಿತು, ಮೂರನೆಯದು ದೋಸೆಯಂತೆ ಕಂಡಿತು. ಅಲ್ಲಿಂದ ಮುಂದೆ ಬರೀ ಆರ್ಡರ್. ‘ಇನ್ನೊಂದು ಬರ್ಲಿ’ ಅಂತ ಅಪ್ಪ. ‘ನಂಗೆ ಕಾಯಿ-ಬೆಲ್ಲ ಹಾಕಿ’ ಅಂತ ಮಗಳು. ‘ಚಟ್ನಿ ಮುಗೀತು’ ಅಂತ ಹೆಂಡತಿ.

ನೀರುದೋಸೆ ಒಂದಕ್ಕೆ ಸುಮಾರು ಒಂದೂವರೆ ನಿಮಿಷ ಹಿಡಿಯುತ್ತದೆ. ಅಪ್ಪನಿಗೆ 5, ಹೆಂಡತಿಗೆ 4, ಅಮ್ಮನಿಗೆ 3, ಮಗಳಿಗೆ 2. ಒಟ್ಟು 14 ದೋಸೆ, 21 ನಿಮಿಷ. ಅಷ್ಟೂ ಹೊತ್ತು ಒಲೆಯ ಮುಂದೆ ನಿಂತೇ ಇರಬೇಕು. ಕೊನೆಗೆ ನನ್ನ ಪಾಲಿನ ನಾಲ್ಕು ಎರೆದುಕೊಂಡು ಹೊರಗೆ ಬಂದರೆ ಟೇಬಲ್ ಖಾಲಿ. ಅಪ್ಪ ಟಿವಿ ಮುಂದೆ, ಹೆಂಡತಿ ಮಗಳಿಗೆ ಹಲ್ಲುಜ್ಜಿಸುತ್ತಿದ್ದಳು. ಎರೆದಿಟ್ಟ ಮೊದಲ ದೋಸೆ ಆಗಲೇ ತಣ್ಣಗಾಗಿತ್ತು. ಚಟ್ನಿ ಪಾತ್ರೆಯ ತಳದಲ್ಲಿ ಎರಡು ಚಮಚದಷ್ಟು ಉಳಿದಿತ್ತು.

ಒಬ್ಬನೇ ಕೂತು ತಿನ್ನತೊಡಗಿದೆ. ಕೋಣೆಗೆ ಹೋಗಿದ್ದ ಅಮ್ಮ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ‘ಒಬ್ನೇ ತಿಂದ್ರೆ ರುಚಿ ಗೊತ್ತಾಗುದಿಲ್ಲ ಅಲ್ವಾ ಮಗಾ?’ ಅಂದರು.

ಅವರ ದನಿಯಲ್ಲಿ ದೂರು ಇರಲಿಲ್ಲ. ಆದರೆ ನನ್ನ ಗಂಟಲಲ್ಲಿ ದೋಸೆ ಇಳಿಯಲಿಲ್ಲ. ಪುತ್ತೂರಿನ ಮನೆಯ ಅಡುಗೆಮನೆ ನೆನಪಾಯಿತು. ನಾನು, ಅಪ್ಪ, ತಂಗಿ ಸಾಲಾಗಿ ಕೂತು ‘ಇನ್ನೊಂದು, ಇನ್ನೊಂದು’ ಅನ್ನುತ್ತಿದ್ದೆವು. ಅಮ್ಮ ಯಾವಾಗ ಉಣ್ಣುತ್ತಿದ್ದರು? ಅವರು ಉಣ್ಣುವುದನ್ನು ನಾನು ನೋಡಿದ ಒಂದು ಚಿತ್ರವೂ ತಲೆಯಲ್ಲಿ ಇರಲಿಲ್ಲ. ಕಾಲೇಜಿಗೆ ಹೋದ ಮೇಲೂ ಇಲ್ಲ. ಹರಿದ ಮೊದಲ ದೋಸೆಯೂ ತಣ್ಣಗಾದ ಕೊನೆಯ ದೋಸೆಯೂ ಅವರ ತಟ್ಟೆಗೇ ಹೋಗುತ್ತಿದ್ದವು ಅಂತ ಈಗ ಗೊತ್ತು.

ಇಡ್ಲಿಗಿಲ್ಲದ ತೊಂದರೆ

ಯೋಚಿಸಿ ನೋಡಿದರೆ ಇದು ದೋಸೆಯ ಜಾತಕದಲ್ಲೇ ಇರುವ ದೋಷ. ಇಡ್ಲಿಯಾದರೆ ಒಂದೇ ಸಲಕ್ಕೆ 16 ಬೇಯುತ್ತವೆ, ಕಡುಬೂ ಹಾಗೇ. ಒಲೆ ಆರಿಸಿ ಎಲ್ಲರೂ ಕೂರಬಹುದು. ದೋಸೆ ಹಾಗಲ್ಲ. ಒಂದು ಕಾವಲಿ, ಒಂದು ದೋಸೆ, ಒಂದು ಕ್ಯೂ. ಬಿಸಿಯಿದ್ದರೇ ಚೆಂದ ಅನ್ನುವುದು ಬೇರೆ. ಅಂದರೆ ನಮ್ಮ ತಟ್ಟೆಗೆ ಬಿಸಿ ಬೀಳಬೇಕಾದರೆ ಇನ್ಯಾರೋ ಒಬ್ಬರು ನಿಂತಿರಲೇಬೇಕು.

ಸ್ವೀಡನ್ನಿನಲ್ಲಿರುವ ಸಹೋದ್ಯೋಗಿಯ ಹತ್ತಿರ ಈ ಮಾತು ಬಂತು. ಅಲ್ಲಿ ಗುರುವಾರ ಬಟಾಣಿ ಸೂಪು, ಆಮೇಲೆ ಪ್ಯಾನ್‌ಕೇಕ್ ತಿನ್ನುವುದು ಹಳೆಯ ವಾಡಿಕೆ. ಜನ ಜಾಸ್ತಿ ಇದ್ದರೆ ಅವರು ಹಿಟ್ಟನ್ನೆಲ್ಲ ದೊಡ್ಡ ತಟ್ಟೆಗೆ ಸುರಿದು ಓವನ್ನಿಗೆ ಇಡುತ್ತಾರಂತೆ. ಅದು ಉಬ್ಬಿ ಕೆಂಪಾದ ಮೇಲೆ ಚೌಕ ಚೌಕವಾಗಿ ಕತ್ತರಿಸಿ ಎಲ್ಲರೂ ಒಟ್ಟಿಗೆ ತಿನ್ನುತ್ತಾರೆ. ಜಪಾನಿನಲ್ಲಿ ಒಕೊನೊಮಿಯಾಕಿ ಅನ್ನುವ ಎಲೆಕೋಸಿನ ದಪ್ಪ ದೋಸೆಯನ್ನು ಎಷ್ಟೋ ಹೋಟೆಲುಗಳಲ್ಲಿ ಗಿರಾಕಿಗಳ ಟೇಬಲ್ ಮೇಲಿನ ಬಿಸಿ ತಗಡಿನಲ್ಲೇ ಹಾಕುತ್ತಾರೆ. ನೀರುದೋಸೆಯನ್ನು ಓವನ್ನಿಗೆ ಸುರಿದರೆ ಅದು ದೋಸೆಯಾಗಿ ಉಳಿಯುವುದಿಲ್ಲ. ಆದರೆ ಒಲೆಯನ್ನು ಟೇಬಲ್ಲಿಗೆ ತರಬಹುದಲ್ಲ?

ಮುಂದಿನ ಶನಿವಾರ ಇಂಡಕ್ಷನ್ ಒಲೆಯನ್ನು ಊಟದ ಟೇಬಲ್ ಮೇಲೆ ಇಟ್ಟೆವು. ಅಡಿ ಸಮತಟ್ಟಾಗಿರುವ ಕಬ್ಬಿಣದ ಕಾವಲಿ ಇದರ ಮೇಲೆ ಚೆನ್ನಾಗಿ ಕಾಯುತ್ತದೆ. ಒಂದೇ ನಿಯಮ: ಮೂರು ದೋಸೆ ಎರೆದವರು ಸೌಟನ್ನು ಪಕ್ಕದವರಿಗೆ ಕೊಟ್ಟು ತಿನ್ನಲು ಕೂರಬೇಕು.

ನಮ್ಮ ಶನಿವಾರದ ಲೆಕ್ಕ

ಐದು ಜನಕ್ಕೆ 2 ಕಪ್ ದೋಸೆ ಅಕ್ಕಿ. ಮಧ್ಯಾಹ್ನದ ಊಟ ಮುಗಿದ ಕೂಡಲೇ ತೊಳೆದು ನೆನೆಹಾಕಿ, ನಾಲ್ಕೈದು ಗಂಟೆ ಸಾಕು. ಅರ್ಧ ಕಪ್ ತೆಂಗಿನತುರಿ ಸೇರಿಸಿ ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ. ಉಪ್ಪು ಹಾಕಿ, ಹಾಲಿನಷ್ಟು ತೆಳ್ಳಗಾಗುವವರೆಗೆ ನೀರು ಬೆರೆಸಿ. ಉದ್ದಿಲ್ಲ, ಹುಳಿ ಬರಿಸುವ ಕೆಲಸವಿಲ್ಲ. ಹಿಂದಿನ ರಾತ್ರಿ ನೆನಪಿಟ್ಟುಕೊಳ್ಳಲಾಗದ ನಮ್ಮಂಥವರಿಗೆ ಹೇಳಿ ಮಾಡಿಸಿದ ದೋಸೆ.

ಕಾವಲಿ ಚೆನ್ನಾಗಿ ಕಾಯಲಿ. ಅರ್ಧ ನೀರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ. ಅಕ್ಕಿ ಹಿಟ್ಟು ಬೇಗ ತಳಕ್ಕೆ ಕೂರುತ್ತದೆ, ಹಾಗಾಗಿ ಪ್ರತಿ ಸಲ ತಳದಿಂದ ಕಲಕಿಯೇ ಸೌಟು ತುಂಬಿಸಿ. ಅಂಚಿನಿಂದ ಒಳಗೆ ಸುತ್ತಲೂ ಸುರಿಯಿರಿ. ಉದ್ದಿನ ದೋಸೆಯ ಹಾಗೆ ಸೌಟಿನಲ್ಲಿ ತಿಕ್ಕಬೇಡಿ. ಹಿಟ್ಟು ಬಿದ್ದ ಕೂಡಲೇ ಚುರ್ರ್ ಅಂದು ತೂತು ತೂತಾದರೆ ಕಾವು ಸರಿ ಇದೆ ಅಂತ ಅರ್ಥ. ಮುಚ್ಚಳ ಮುಚ್ಚಿ, ಅಂಚು ತಾನಾಗಿ ಎದ್ದಾಗ ತೆಗೆಯಿರಿ. ಮಗುಚಿ ಹಾಕುವುದು ಬೇಡ. ಒಂದರ ಮೇಲೊಂದು ಹೇರಿದರೆ ಅಂಟುತ್ತವೆ, ಮಡಚಿ ಬಿಡಿಬಿಡಿಯಾಗಿಡಿ. ದೋಸೆ ದಪ್ಪವಾದರೆ ಇನ್ನಷ್ಟು ನೀರು, ಹರಿದರೆ ಒಂದೆರಡು ಚಮಚ ಅಕ್ಕಿಹಿಟ್ಟು ಬೆರೆಸಿ ನೋಡಿ.

ಎಲ್ಲಕ್ಕಿಂತ ಕಷ್ಟವಾಗಿದ್ದು ಅಮ್ಮನನ್ನು ಕೂರಿಸುವುದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಪ್ರತಿ ಶನಿವಾರವೂ ‘ನೀವು ತಿನ್ನಿ, ನಾನು ಆಮೇಲೆ ತಿಂತೇನೆ’ ಅಂತ ಸೌಟಿಗೆ ಕೈ ಹಾಕುತ್ತಿದ್ದರು. ಅಪ್ಪನದ್ದು ಇನ್ನೊಂದು ಕಥೆ. 66 ವರ್ಷಕ್ಕೆ ಒಂದು ದೋಸೆಯನ್ನೂ ಎರೆದವರಲ್ಲ. ‘ನಂಗೆ ಇದೆಲ್ಲ ಆಗುದಿಲ್ಲ ಮಾರಾಯ’ ಅಂತ ನಾಲ್ಕು ವಾರ ತಪ್ಪಿಸಿಕೊಂಡರು. ಐದನೇ ವಾರ ಮೊಮ್ಮಗಳು ಸೌಟನ್ನು ಕೈಗೆ ಕೊಟ್ಟು, ‘ಅಜ್ಜಾ, ನಿನ್ನ ಟರ್ನ್’ ಅಂದಳು. ಅವಳಿಗೆ ಇಲ್ಲ ಅನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಅಪ್ಪ ಎರೆದರು. ಒಂದು ಕಡೆ ದಪ್ಪ, ಇನ್ನೊಂದು ಕಡೆ ದೊಡ್ಡ ತೂತು. ಎಬ್ಬಿಸುವಾಗ ಎರಡು ತುಂಡಾಯಿತು. ಎರಡನ್ನೂ ಸೇರಿಸಿ ಅಮ್ಮನ ತಟ್ಟೆಗೆ ಹಾಕಿ, ಏನನ್ನುತ್ತಾರೋ ಅಂತ ಸಟ್ಟುಗ ಹಿಡಿದು ನಿಂತೇ ಇದ್ದರು. ಅಮ್ಮ ಕಾಯಿ-ಬೆಲ್ಲ ಸವರಿ ಒಂದು ತುತ್ತು ತಿಂದರು, ಇನ್ನೊಂದು ತಿಂದರು.

‘ಹಿಟ್ಟು ಕಲಕ್ಲಿಲ್ಲ ನೀವು’ ಅಂದರು. ಆಮೇಲೆ ತಟ್ಟೆ ಮುಂದೆ ಚಾಚಿ, ‘ಇನ್ನೊಂದು ಬರ್ಲಿ’ ಅಂದರು.

ನಿಮ್ಮ ಮನೆಯಲ್ಲಿ ಇವತ್ತು ರಾತ್ರಿ ದೋಸೆಯೋ, ಚಪಾತಿಯೋ, ರೊಟ್ಟಿಯೋ ಇದ್ದರೆ ಸುಮ್ಮನೆ ಒಮ್ಮೆ ಗಮನಿಸಿ. ಕೊನೆಯದು ಯಾರ ತಟ್ಟೆಗೆ ಬೀಳುತ್ತದೆ? ಆ ಹೊತ್ತಿಗೆ ಅವರ ಪಕ್ಕದಲ್ಲಿ ಯಾರಿರುತ್ತಾರೆ?